ರೇವತಿ ಯಾವ ಗಾಡಿ ಹತ್ತಿದಳು

ಬೇಲೂರಿನ ಆ ಬೀದಿಯಲ್ಲಿ ಪೋಸ್ಟ್‌ಮನ್ ಸುನಿಲನ ಬೈಕಿನ ಸದ್ದನ್ನು ತಿರುವಿನಲ್ಲೇ ಗುರುತು ಹಿಡಿಯುತ್ತಿದ್ದವಳು ವೇದವಲ್ಲಿ ಒಬ್ಬಳೇ. ಬೇರೆ ಮನೆಗಳಿಗೆ ಅಂಚೆಯೆಂದರೆ ಬ್ಯಾಂಕಿನ ನೋಟಿಸು, ಇಲ್ಲವೆಂದರೆ ಯಾರದೋ ಮದುವೆಯ ಕರೆಯೋಲೆ. ಅದಕ್ಕಾಗಿ ಯಾರೂ ಕೈಗೆಲಸ ಬಿಟ್ಟು ಏಳುತ್ತಿರಲಿಲ್ಲ. ವೇದವಲ್ಲಿ ಏಳುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆಯವಳು, ಮಂಡಿ ನೋವಿನವಳು, ಹುಳಿಯನ್ನು ಕುದಿಯಲು ಬಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಓಡುತ್ತಿದ್ದಳು.

"ಅಮ್ಮಾರೇ, ನಿಧಾನ! ಬುಕ್ಕು ಎಲ್ಲೂ ಓಡೋಗಲ್ಲ," ಎಂದು ಸುನಿಲ ನಗುತ್ತಿದ್ದ.

ಅಷ್ಟು ಆತುರದಿಂದ ಇಸಿದುಕೊಂಡವಳು ತಕ್ಷಣ ಬಿಚ್ಚುತ್ತಾಳೆಂದು ತಿಳಿದರೆ ತಪ್ಪು. ಮೊದಲು ಅಂಗೈಯಲ್ಲಿ ತೂಗಿ ನೋಡುವುದು, ಆಮೇಲೆ ಮೂಸುವುದು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಹಳೇಬೀಡಿನಲ್ಲಿ ಹುಡುಗಿಯಾಗಿದ್ದಾಗ ಗೆಳತಿ ರುದ್ರಮ್ಮನ ಮನೆಯ ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಹೀಗೇ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಇಬ್ಬರೂ ನೋಡುತ್ತಿದ್ದರು. ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿತ್ತು. "ಬಲಿತಿದೆಯೇನೇ?" ಎಂದು ಗಂಡ ಸುಂದರರಾಜ ರೇಗಿಸುತ್ತಿದ್ದರು.

ಇದೆಲ್ಲ ಆದ ಮೇಲೆ ಪಾರ್ಸೆಲು ದೇವರ ಮನೆಗೆ ಹೋಗಬೇಕು. ಮಣೆಯ ಮೇಲಿಟ್ಟು, ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ದೀಪ ಹಚ್ಚಿ ಕೈಮುಗಿದು, ಅಲ್ಲೇ ಕೂತು ಬಿಚ್ಚಬೇಕು. ವೇದವಲ್ಲಿಯ ಅಪ್ಪ ಹಳೇಬೀಡಿನಲ್ಲಿ ಮೇಷ್ಟರಾಗಿದ್ದವರು. ಹೊಸ ಪುಸ್ತಕವನ್ನು ದೇವರಿಗೆ ತೋರಿಸದೆ ತೆರೆಯಕೂಡದು ಎನ್ನುವುದು ಅವರು ಮಾಡಿದ ಕಟ್ಟಳೆ. ತವರಿನಿಂದ ತಂದ ಪಾತ್ರೆ, ಸೀರೆಗಳೆಲ್ಲ ಹೋಗಿ, ಕೊನೆಗೆ ಅವಳ ಬಳಿ ಉಳಿದದ್ದು ಈ ಶಾಸ್ತ್ರ ಒಂದೇ. ಅದನ್ನು ಅವಳು ಒಂದು ಸಲವೂ ತಪ್ಪಿಸಿರಲಿಲ್ಲ.

ಅವಳಿಗೆ ಓದಿನ ಹುಚ್ಚು ಹಿಡಿದದ್ದೂ ರುದ್ರಮ್ಮನ ಮನೆಯಲ್ಲೇ. ರುದ್ರಮ್ಮನ ಅಪ್ಪ ಕೊಬ್ಬರಿ ವ್ಯಾಪಾರಿ. ಅವರ ಅಂಗಡಿಗೆ ಅರಸೀಕೆರೆಯಿಂದ ಬಸ್ಸಿನಲ್ಲಿ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಬ್ಬ ಲೇಖಕಿ ಒಂದು ಧಾರಾವಾಹಿ ಬರೆಯುತ್ತಿದ್ದಳು. ಆಕೆಯ ಹೆಸರು ಈಗ ಯಾರಿಗೂ ನೆನಪಿಲ್ಲ. ಕಥೆಯ ನಾಯಕಿ ರೇವತಿ, ಹುಬ್ಬಳ್ಳಿಯ ದೊಡ್ಡ ಮನೆಯೊಂದರ ಸೊಸೆ. ಆ ಮನೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೂ ಸಿಕ್ಕಿರಲಿಲ್ಲ. ಒಂದು ದಿನ ಬೆಂಗಳೂರಿನ ಶಾಲೆಯೊಂದರಿಂದ ಅವಳಿಗೆ ಟೀಚರ್ ಕೆಲಸದ ಕರೆ ಬರುತ್ತದೆ. ಯಾರಿಗೂ ಹೇಳದೆ ರೈಲು ಹತ್ತುತ್ತಾಳೆ. ಅರ್ಧ ದಾರಿಯಲ್ಲಿ ಧೈರ್ಯ ಕೈಕೊಟ್ಟು ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದು, ಒಂದು ಬೆಂಚಿನ ಮೇಲೆ ಕೂರುತ್ತಾಳೆ. ಒಂದು ಕಡೆಯಿಂದ ಬೆಂಗಳೂರಿಗೆ ಹೋಗುವ ಗಾಡಿ ಬರುತ್ತದೆ, ಇನ್ನೊಂದು ಕಡೆಯಿಂದ ಹುಬ್ಬಳ್ಳಿಗೆ ವಾಪಸು ಹೋಗುವ ಗಾಡಿ. ರೇವತಿ ಎದ್ದು ನಿಲ್ಲುತ್ತಾಳೆ.

ಅಲ್ಲಿಗೆ ಆ ವಾರದ ಕಂತು ಮುಗಿದಿತ್ತು. ಮುಂದಿನ ವಾರ ಪತ್ರಿಕೆ ಹಳೇಬೀಡಿಗೆ ಬರುವ ಹೊತ್ತಿಗೆ ವೇದವಲ್ಲಿ ಬೇಲೂರಿನಲ್ಲಿ ಮದುವಣಗಿತ್ತಿಯಾಗಿ ಹಸೆಮಣೆಯ ಮೇಲಿದ್ದಳು.

ಗಂಡನ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಕಾದಂಬರಿ ಓದುವ ಹೆಂಗಸು ಅನ್ನ ಸೀಯಿಸುತ್ತಾಳೆ ಎಂದು ಅತ್ತೆಯ ತೀರ್ಮಾನ. ವೇದವಲ್ಲಿ ರುದ್ರಮ್ಮನಿಗೆ ಕಾಗದ ಬರೆದು ಕೇಳಿದಳು. ಅಂಗಡಿಯಲ್ಲಿ ಆ ಸಂಚಿಕೆಗಳೆಲ್ಲ ಪೊಟ್ಟಣ ಕಟ್ಟಿ ಖರ್ಚಾಗಿದ್ದವು. ರುದ್ರಮ್ಮನೂ ಬಾಣಾವರಕ್ಕೆ ಮದುವೆಯಾಗಿ ಹೋಗಿ ಕಥೆಯನ್ನೇ ಮರೆತಿದ್ದಳು. ಲೈಬ್ರರಿಯಲ್ಲಿ ಕೇಳಿದ್ದಾಯಿತು, ಅವರಿವರಲ್ಲಿ ಕೇಳಿದ್ದಾಯಿತು. ಪುಸ್ತಕವಾಗಿ ಅದು ಬಂದೇ ಇರಲಿಲ್ಲ. ಮುಂದೆ ಯಾವಾಗ ಅರಸೀಕೆರೆ ಸ್ಟೇಷನ್ನಿಗೆ ಹೋದರೂ ವೇದವಲ್ಲಿಯ ಕಣ್ಣು ಮೊದಲು ಹುಡುಕುತ್ತಿದ್ದುದು ಬೆಂಚುಗಳನ್ನು. ರೇವತಿ ಬೆಂಗಳೂರಿನ ಗಾಡಿಯನ್ನೇ ಹತ್ತಿರುತ್ತಾಳೆ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಅಡುಗೆಮನೆಯ ಹೊಗೆಯಲ್ಲಿ ಕೂತು, ಬೆಂಗಳೂರಿನ ಯಾವುದೋ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವ ರೇವತಿಯನ್ನು ಎಷ್ಟೋ ಸಲ ನೋಡಿದ್ದಳು. ಆದರೂ ಅನುಮಾನ ಅನುಮಾನವೇ.

ಅತ್ತೆ ಹೋದ ಮೇಲೆ ಪುಸ್ತಕಗಳು ಅಂಚೆಯಲ್ಲಿ ಬರತೊಡಗಿದವು. ಸುಂದರರಾಜ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೆಳಗ್ಗೆ ದೇವಸ್ಥಾನದ ಪಾರಾಯಣ ಗೋಷ್ಠಿ, ಮಧ್ಯಾಹ್ನ ಪಂಚಾಂಗ. ಬೀದಿಯವರಿಗೆ ತಿಥಿ ಹೇಳುವವರು ಅವರೇ, ಸತ್ತವರಿಗೆ ಯಾರು ಎಷ್ಟು ದಿನ ಸೂತಕ ಹಿಡಿಯಬೇಕೆಂದು ಹೇಳುವವರೂ ಅವರೇ. ಕಥೆ ಕಾದಂಬರಿ ಎಂದರೆ ಅವರ ಮೂಗು ತಾನಾಗಿ ಮುರಿಯುತ್ತಿತ್ತು, ಆದರೆ ಬೇಡ ಎನ್ನಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಮಾತು ಸ್ವಲ್ಪ ಹೆಚ್ಚು. ಆ ಮನೆಯಲ್ಲಿ ವೇದವಲ್ಲಿ ಕೇಳಿದ್ದೆಲ್ಲ ಬೇರೆಯವರ ದನಿಗಳೇ: ಅತ್ತೆಯ ದನಿ, ಗಂಡನ ದನಿ, ಸಲಹೆ ಕೇಳಲು ಬಂದವರ ದನಿ. ಪುಸ್ತಕದ ಒಳಗೆ ಹೊಕ್ಕಾಗ ಮಾತ್ರ ಅವಳ ಕಿವಿಗೆ ಬೀಳುತ್ತಿದ್ದುದು ಅವಳದೇ ದನಿ. ಅವಳ ಹುಚ್ಚಿನ ಗುಟ್ಟು ಅಷ್ಟೇ.

ಆಮೇಲೆ ಕಣ್ಣು ಕೈಬಿಡತೊಡಗಿತು. ಸಕ್ಕರೆ ಕಾಯಿಲೆ ಬಲಗಣ್ಣನ್ನು ಪೂರ್ತಿ ತಿಂದಿತ್ತು. ಎಡಗಣ್ಣಿನ ಒಳಗೂ ಒಮ್ಮೆ ರಕ್ತ ಒಸರಿ, ಹಾಸನದ ಡಾಕ್ಟರು ಇಂಜೆಕ್ಷನ್ ಕೊಟ್ಟು ಹೇಗೋ ಉಳಿಸಿದ್ದರು. "ಭಾರ ಎತ್ತಬೇಡಿ, ಬಗ್ಗಿ ಕೆಲಸ ಮಾಡಬೇಡಿ. ನರ ಯಾವಾಗ ಬೇಕಾದ್ರೂ ಒಡೀಬಹುದು. ಓದೋದಿದ್ರೆ ಈಗ್ಲೇ ಓದ್ಕೊಂಡ್ಬಿಡಿ," ಎಂದಿದ್ದರು ಅವರು. ನಗುತ್ತಲೇ ಹೇಳಿದ್ದರು, ಆದರೆ ವೇದವಲ್ಲಿಗೆ ನಗು ಬರಲಿಲ್ಲ.

ಆ ಹೊತ್ತಿಗೇ ಅರಸೀಕೆರೆಯಲ್ಲಿ ಕೆಲಸದಲ್ಲಿದ್ದ ಮಗಳು ಹಿತಾ ಫೋನ್ ಮಾಡಿದಳು. "ಅಮ್ಮಾ, ನಿನ್ನ ರೇವತಿ ಸಿಕ್ಕಿದ್ಲು! ಯಾರೋ ಹಳೇ ಧಾರಾವಾಹಿಗಳನ್ನ ಹುಡುಕಿ ಪುಸ್ತಕ ಮಾಡ್ತಿದಾರಂತೆ. ನಿನ್ನ ಹೆಸರಿಗೆ ಬುಕ್ ಮಾಡಿದೀನಿ, ಪ್ರಿಂಟ್ ಆದ ತಕ್ಷಣ ಪೋಸ್ಟಲ್ಲಿ ಬರತ್ತೆ."

ವೇದವಲ್ಲಿ ಫೋನ್ ಇಟ್ಟು ಹಿತ್ತಿಲಿಗೆ ಹೋಗಿ, ತುಳಸಿ ಕಟ್ಟೆಯ ಮೇಲೆ ಕೂತು ಅತ್ತಳು. ಅಂದಿನಿಂದ ಅವಳ ಕಣ್ಣಿಗೂ ಪುಸ್ತಕಕ್ಕೂ ಓಟದ ಪಂದ್ಯ ಶುರುವಾಯಿತು. ಟಿವಿ ನೋಡುವುದನ್ನು ಬಿಟ್ಟಳು, ಪೇಪರು ಬಿಟ್ಟಳು. ಉಳಿದಿರುವ ಬೆಳಕನ್ನೆಲ್ಲ ರೇವತಿಗೆಂದೇ ಎತ್ತಿಟ್ಟಳು. ಪ್ರೆಸ್ಸಿನವರು ಇಂದು ನಾಳೆ ಎನ್ನುತ್ತ ಮಳೆಗಾಲ ಕಳೆದರು.

ಪುಸ್ತಕ ಬಂದದ್ದು ಕಾರ್ತಿಕದ ಒಂದು ಬೆಳಗ್ಗೆ. ಸುನಿಲ ಬೈಕ್ ನಿಲ್ಲಿಸುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಆತುರದಲ್ಲಿ ಸಹಿ ಅಂಕುಡೊಂಕಾಯಿತು. ಪಾರ್ಸೆಲನ್ನು ತೂಗಿದಳು, ಮೂಸಿದಳು, ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಇವತ್ತು ಅಡುಗೆ ಇಲ್ಲ ಕಣ್ರೀ, ಅವಲಕ್ಕಿ ತಿನ್ನಿ," ಎಂದು ಗಂಡನಿಗೆ ಹೇಳಿ, ಆ ಮಂಡಿಯಲ್ಲಿಯೂ ಹುಡುಗಿಯ ಹಾಗೆ ಸರಸರ ನಡೆದು ದೇವರ ಮನೆಗೆ ಹೋದಳು. ಮಣೆ ಹಾಕಿದಳು. ದೀಪಕ್ಕೆ ಎಣ್ಣೆ ಬಿಡುತ್ತಿದ್ದಳು.

ಆಗ ಹಾಲಿನಲ್ಲಿ ಸುಂದರರಾಜರ ಫೋನ್ ಬಡಿದುಕೊಂಡಿತು. ಅವರಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತು. ಸುದ್ದಿ ಮೇಲುಕೋಟೆಯದು. ಅವರ ಚಿಕ್ಕಪ್ಪನ ಮಗ ತಿರುನಾರಾಯಣ ಬೆಳಗಿನ ಜಾವ ತೀರಿಕೊಂಡಿದ್ದ.

ಸುಂದರರಾಜ ಕೂತಲ್ಲೇ ಕುಸಿದರು. ಪ್ರತಿ ಬೇಸಗೆ ರಜೆಯಲ್ಲಿ ಜೊತೆಗೆ ಈಜಿದವನು, ಒಂದೇ ಎಲೆಯಲ್ಲಿ ಉಂಡವನು. ಅವರು ಅಳುವುದನ್ನು ವೇದವಲ್ಲಿ ನೋಡಿದ್ದು ಬಹಳ ಕಡಿಮೆ. ಎಣ್ಣೆಯ ಕೈಯಲ್ಲೇ ಬಂದು ಅವರ ಬೆನ್ನು ಸವರಿದಳು.

ಸ್ವಲ್ಪ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡು, "ದೀಪ ಹಚ್ಚಬೇಡ ಕಣೇ. ದಾಯಾದಿ. ಹತ್ತು ದಿನ ಸೂತಕ. ದೇವರ ಮನೆ ಬಾಗಿಲು ಹಾಕ್ಬಿಡು," ಎಂದರು.

"ಪುಸ್ತಕ?" ಎಂದಳು ವೇದವಲ್ಲಿ. ಸಾವಿನ ಸುದ್ದಿ ಬಂದ ಮನೆಯಲ್ಲಿ ಆ ಮಾತು ಆಡಬಾರದಾಗಿತ್ತು ಎಂದು ಆಡಿದ ಮೇಲೆ ಅನ್ನಿಸಿತು.

"ನೀನೇ ಅಲ್ವೇ ಹೇಳೋದು, ದೇವರ ಮುಂದೆ ಇಡದೆ ಬಿಚ್ಚಬಾರ್ದು ಅಂತ? ಮೈಲಿಗೇಲಿ ಹ್ಯಾಗೆ ಇಡ್ತೀಯಾ? ಎಷ್ಟೋ ವರ್ಷ ಕಾದಿದೀಯಂತೆ. ಹತ್ತು ದಿನ ಯಾವ ಲೆಕ್ಕ?"

ಅವಳಿಗೂ ಹಾಗೇ ಅನ್ನಿಸಿತು. ಅಪ್ಪನ ಕಟ್ಟಳೆಯನ್ನು ಈ ಪುಸ್ತಕಕ್ಕೇ ಮುರಿಯುವುದೇ? ಪಾರ್ಸೆಲನ್ನು ಹಾಲಿನ ಗೂಡಿನಲ್ಲಿಟ್ಟಳು. ಮೂಲೆಗೆ ಕುಂಕುಮ ಬಿದ್ದಿರಲಿಲ್ಲ.

ಆ ದಿನಗಳು ಹೇಗೆ ಉರುಳಿದವೋ. ದಿನಕ್ಕೆ ಎಷ್ಟೋ ಸಲ ಗೂಡಿನ ಮುಂದೆ ನಿಂತು, ತನ್ನ ಹೆಸರು ಬರೆದ ಚೀಟಿಯನ್ನು ಎಡಗಣ್ಣಿನಿಂದ ಓದುತ್ತಿದ್ದಳು. ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡರೆ ಸಮಾಧಾನ. ಕಾಗದದ ಮೂಲೆಯೊಂದು ಸ್ವಲ್ಪ ಹರಿದಿತ್ತು, ಬೆರಳು ತೂರಿಸಿದರೆ ಒಳಗಿನ ರಟ್ಟು ಸಿಗುತ್ತಿತ್ತು. ಬೆರಳು ತೂರಿಸುವಳು, ಬೆಚ್ಚಿ ತೆಗೆಯುವಳು. ಹಿತಾ ಫೋನಿನಲ್ಲಿ, "ಅಮ್ಮಾ, ಸುಮ್ನೆ ಬಿಚ್ಚಿ ಓದು, ಯಾವ ದೇವರೂ ಬೈಯಲ್ಲ," ಎಂದು ರೇಗಿದಳು. ವೇದವಲ್ಲಿ ಕೇಳಲಿಲ್ಲ.

ಹತ್ತನೆಯ ದಿನ ಮನೆಯೆಲ್ಲ ತೊಳೆದು, ಹಾಸಿದ್ದು ಹೊದ್ದದ್ದನ್ನೆಲ್ಲ ಒಗೆದು, ಮೈಲಿಗೆ ಕಳೆಯಬೇಕು. ಕೆಲಸದ ಲಲಿತಮ್ಮ ಅವತ್ತೇ ಬರಲಿಲ್ಲ. ನಾಳೆ ಬಂದು ಒಗೆಯುತ್ತೇನೆಂದು ಹೇಳಿ ಕಳಿಸಿದ್ದಳು. ನಾಳೆ ಎಂದರೆ ಪುಸ್ತಕವೂ ನಾಳೆಗೆ ಹೋಗುತ್ತದೆ. ವೇದವಲ್ಲಿಗೆ ತಾಳ್ಮೆ ಮುಗಿದಿತ್ತು. ಸುಂದರರಾಜ ನದಿಗೆ ಸ್ನಾನಕ್ಕೆ ಹೋದದ್ದೇ ತಡ, ಕಂಬಳಿ, ಜಮಖಾನ, ಹೊದಿಕೆಗಳನ್ನೆಲ್ಲ ಹಿತ್ತಿಲಿನ ಕಲ್ಲಿಗೆ ಎಳೆದು ತಂದು ನೆನೆಹಾಕಿದಳು. ಬಗ್ಗಿ ಕುಕ್ಕಿದಳು, ಹಿಂಡಿದಳು. ಡಾಕ್ಟರ ಮಾತು ನೆನಪಿರಲಿಲ್ಲ ಎಂದಲ್ಲ. ಇದೊಂದು ದಿನ, ಆಮೇಲೆ ಓದು, ಎಂದುಕೊಂಡಳು. ನೀರು ಕುಡಿದು ಹೆಣಭಾರವಾಗಿದ್ದ ಕಂಬಳಿಯನ್ನು ಎತ್ತಿ ತಂತಿಗೆ ಹಾಕುವಾಗ, ಎಡಗಣ್ಣಿನಲ್ಲಿ ಕಪ್ಪು ದಾರವೊಂದು ಬಿಚ್ಚಿಕೊಂಡಿತು. ಕೂದಲಿರಬೇಕೆಂದು ಕೈಯಲ್ಲಿ ಸರಿಸಿದಳು. ಅದು ಸರಿಯಲಿಲ್ಲ. ದಾರ ಎರಡಾಯಿತು, ನಾಲ್ಕಾಯಿತು, ಆಮೇಲೆ ಮಸಿ ಕುಡಿಕೆ ಉರುಳಿದ ಹಾಗೆ ಎಲ್ಲ ಕಡೆ ಹರಡಿತು. ಕಂಬಳಿ ಕೈಜಾರಿತು. ಎದುರಿನ ತೆಂಗಿನ ಮರ ಹೋಯಿತು, ತಂತಿ ಹೋಯಿತು. ವೇದವಲ್ಲಿ ಒದ್ದೆ ನೆಲದ ಮೇಲೆ ಕೂತು, ನದಿಯಿಂದ ಇನ್ನೂ ಬಾರದ ಗಂಡನನ್ನು ಕೂಗಿದಳು.

ಹಾಸನಕ್ಕೆ ಓಡಿದರು. ತಿಂಗಳುಗಟ್ಟಲೆ ಅಲೆದರು. ಆಪರೇಷನ್ನೂ ಆಯಿತು. ಉಳಿದದ್ದು ಮಂಜಿನ ಹಾಗೆ ಒಂದಿಷ್ಟು ಬೆಳಕು, ಅದರಲ್ಲಿ ಆಡುವ ನೆರಳುಗಳು. ಇನ್ನು ಇಷ್ಟೇ ಎಂದರು ಡಾಕ್ಟರು. ಈ ಸಲ ನಗಲಿಲ್ಲ.

ಪಾರ್ಸೆಲು ಗೂಡಿನಲ್ಲೇ ಇತ್ತು. ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಲುಕೋಟೆಯಿಂದ ಮನೆತನದ ಹಿರಿಯರೊಬ್ಬರು ಫೋನ್ ಮಾಡಿದರು. ವೇದವಲ್ಲಿ ಕೋಣೆಯಲ್ಲಿ ಮಂಚದ ಮೇಲಿದ್ದಳು. ಕ್ಷೇಮ ಸಮಾಚಾರದ ನಡುವೆ ಸುಂದರರಾಜ ನಡೆದದ್ದನ್ನೆಲ್ಲ ಹೇಳಿದರು: ಸೂತಕದ ಕೊನೆಯ ದಿನ ಬಟ್ಟೆ ಒಗೆಯಲು ಹೋಗಿ ಹೀಗಾಯಿತು ಎಂದು.

ಸ್ಪೀಕರಿನಲ್ಲಿ ಮುದುಕರ ದನಿ ಕೇಳಿತು. "ಯಾರ ಸೂತಕವೋ?"

"ತಿರುನಾರಾಯಣಂದು."

"ಅವನದು ನಿನಗೆಂಥ ಹತ್ತು ದಿನವೋ? ಹಸುಗೂಸಾಗಿದ್ದಾಗಲೇ ದತ್ತು ಹೋದವನಲ್ವೇ ಅವನು? ಗೋತ್ರವೇ ಬೇರೆ ಆಯ್ತಲ್ಲ. ನಿನಗೆ ಒಂದು ಸ್ನಾನ, ಅಷ್ಟೇ. ಊರಿಗೆಲ್ಲ ಹೇಳೋನು ನೀನು, ನಿನಗೆ ಹೊಳೀಲಿಲ್ವೇ?"

ಸುಂದರರಾಜ ಗಡಬಡಿಸಿ ಸ್ಪೀಕರ್ ಆರಿಸಿದರು.

ವೇದವಲ್ಲಿ ಗೋಡೆಯ ಕಡೆ ಹೊರಳಿದಳು. ಒಂದು ಸ್ನಾನ. ಬೆಳಗ್ಗೆ ಸುದ್ದಿ ಬಂತು, ತಲೆಗೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದ್ದರೆ, ಮಧ್ಯಾಹ್ನದ ಹೊತ್ತಿಗೆ ಅವಳು ರೇವತಿಯ ಆ ಬೆಂಚಿನ ಹತ್ತಿರ ಇರುತ್ತಿದ್ದಳು. ಕಂಬಳಿ ಒಗೆಯುವ ಪ್ರಸಂಗವೇ ಇರಲಿಲ್ಲ. ಆ ಮನುಷ್ಯ ದುಃಖದಲ್ಲಿ ಮರೆತರು, ಅದು ಅವಳಿಗೂ ಅರ್ಥವಾಗುತ್ತಿತ್ತು. ಆದರೂ ಎದ್ದು ಹೋಗಿ ಕೂಗಾಡಬೇಕೆನಿಸಿತು. ಅವರು ಬಂದು ಹೇಳಲಿ ಎಂದು ಕಾದಳು. ಅವರು ಬರಲಿಲ್ಲ.

ಬಂದದ್ದು ಮರುದಿನ, ಪುಸ್ತಕ ಹಿಡಿದು. "ದೇವರ ಮುಂದೆ ಇಟ್ಟು ಬಿಚ್ಚಿದೀನಿ ಕಣೇ. ನಾನು ಓದ್ತೀನಿ, ನೀನು ಕೇಳು," ಎಂದರು. ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಅವಳು ತೂಗಲಿಲ್ಲ, ಮೂಸಲಿಲ್ಲ. ವಾಪಸು ಕೊಟ್ಟಳು.

ದಿನಾ ಮಧ್ಯಾಹ್ನ ಓದು ನಡೆಯಿತು. ಪಾರಾಯಣದಲ್ಲಿ ಪಳಗಿದ ಗಂಟಲು. ರೇವತಿ ಅತ್ತಾಗಲೂ ಅದೇ ರಾಗ, ಅತ್ತೆ ಬೈದಾಗಲೂ ಅದೇ ರಾಗ. ಹುಡುಗಿ ವೇದವಲ್ಲಿಯ ತಲೆಯೊಳಗೆ ಮೆಲ್ಲಗೆ, ಸ್ವಲ್ಪ ಮೂಗಿನಲ್ಲಿ ಮಾತಾಡುತ್ತಿದ್ದ ರೇವತಿ ಎಲ್ಲೂ ಸಿಗಲಿಲ್ಲ. ಬಾಯಿಬಿಟ್ಟಾಗಲೆಲ್ಲ ಅವಳಿಂದ ಸುಂದರರಾಜರ ದನಿ ಹೊರಡುತ್ತಿತ್ತು. ಈ ಒಂದು ಜಾಗವೂ ಹೋಯಿತಲ್ಲ ಎಂದು ವೇದವಲ್ಲಿಗೆ ಸಂಕಟವಾಯಿತು. ಒಂದು ದಿನ ಕಥೆ ಅರಸೀಕೆರೆಗೆ ಬಂತು. ಎರಡು ಗಾಡಿಗಳೂ ಬಂದವು. ರೇವತಿ ಎದ್ದು ನಿಂತಳು.

"ಸಾಕು, ನಿಲ್ಸಿ," ಎಂದಳು ವೇದವಲ್ಲಿ.

"ಇನ್ನೇನು, ಮುಂದೆ ಇದೆಯಲ್ಲೇ! ಇದಕ್ಕೇ ಅಲ್ವೇ ಕಾದಿದ್ದು?"

"ನಾನು ಓದಬೇಕು ಅಂತ ಕಾದಿದ್ದು. ಕೇಳಬೇಕು ಅಂತ ಅಲ್ಲ."

ಅವರು ಎದ್ದು ಹಾಲಿಗೆ ಹೋದರು. ಕಾದಂಬರಿ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯನಿಗೆ ರುಚಿ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಹಾಳೆ ಮಗುಚುವ ಸದ್ದು ಕೇಳಿತು. ಇನ್ನೊಂದು, ಮತ್ತೊಂದು. ವೇದವಲ್ಲಿ ಒಂದೊಂದನ್ನೂ ಕೇಳುತ್ತ ಮಲಗಿದ್ದಳು. ಸಂಜೆ ದೀಪ ಹಾಕುವ ಹೊತ್ತಿಗೆ ಪುಸ್ತಕ ಮುಚ್ಚಿದ ಸದ್ದಾಯಿತು. ಅವರು ಬಂದು ಮಂಚದ ಅಂಚಿನಲ್ಲಿ ಕೂತು, ಮೂಗು ಒರೆಸಿಕೊಂಡು, "ವೇದಾ, ರೇವತಿ..." ಎಂದರು.

"ಹೇಳಬೇಡಿ!" ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. "ಮೇಲುಕೋಟೆಯವರು ಹೇಳಿದ್ದು ನನಗೂ ಕೇಳಿಸ್ತು. ಒಂದು ಸ್ನಾನ. ಅದನ್ನ ನೀವು ಒಳಗೇ ಇಟ್ಕೊಂಡ್ರಲ್ಲ, ಇದನ್ನೂ ಇಟ್ಕೊಳಿ. ನನ್ನ ರೇವತಿ ಆ ಬೆಂಚಿನ ಹತ್ರಾನೇ ನಿಂತಿರ್ಲಿ."

ಕ್ಷಮಿಸು ಎನ್ನಲು ಸುಂದರರಾಜರಿಗೆ ಬಾಯಿ ಬರಲಿಲ್ಲ. ಅಷ್ಟು ಮಾತು ಬಲ್ಲವರಿಗೆ ಆ ಒಂದು ಮಾತು ಮಾತ್ರ ಬಾರದು. ಅಂದಿನಿಂದ ಅವರು ಬೀದಿಯವರಿಗೆ ಸೂತಕ ಹೇಳುವುದನ್ನು ಬಿಟ್ಟರು.

ಬೇಸಗೆಯಲ್ಲಿ ಇಬ್ಬರೂ ಹಿತಾಳ ಮನೆಗೆಂದು ಅರಸೀಕೆರೆಗೆ ಹೋದರು. ಒಂದು ಸಂಜೆ ವೇದವಲ್ಲಿ, "ಸ್ಟೇಷನ್ನಿಗೆ ಕರ್ಕೊಂಡ್ ಹೋಗಿ," ಎಂದಳು. ಅವರು ಕೈಹಿಡಿದು ಕರೆತಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತರು. ಕಡಲೆಕಾಯಿ ಮಾರುವವನ ಕೂಗು, ಮಕ್ಕಳ ಗಲಾಟೆ, ಕಾಸಿದ ಕಬ್ಬಿಣದ ವಾಸನೆ. ವೇದವಲ್ಲಿಯ ಕೈ ಗಂಡನ ಕೈಯಲ್ಲೇ ಇತ್ತು. ಜನಜಂಗುಳಿಯಲ್ಲಿ ಬಿಡುವ ಹಾಗಿರಲಿಲ್ಲ.

ಬೆಂಗಳೂರಿಗೆ ಹೋಗುವ ಗಾಡಿ ಬರುತ್ತಿದೆ ಎಂದು ಮೈಕು ಹೇಳಿತು. ಗಾಡಿ ಬಂತು, ನಿಂತಿತು, ಜನ ನುಗ್ಗಿದರು. ಸುಂದರರಾಜರ ಕೈ ಸಡಿಲವಾಗಿಯೇ ಇತ್ತು. ಆ ಗಾಡಿ ಹೋಯಿತು.

ಆಮೇಲೆ ಹುಬ್ಬಳ್ಳಿಗೆ ಹೋಗುವ ಗಾಡಿಯ ಹೆಸರು ಕೂಗಿದರು. ಅವರ ಬೆರಳುಗಳು ಅವಳ ಅಂಗೈಯನ್ನು ಒಮ್ಮೆಲೇ ಬಿಗಿಯಾಗಿ ಹಿಡಿದವು. ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ. ಗಾಡಿ ಬಂದು ನಿಂತು, ಮತ್ತೆ ಹೊರಟು, ಕೊನೆಯ ಡಬ್ಬಿಯ ಸದ್ದು ಅಡಗುವವರೆಗೂ ಆ ಹಿಡಿತ ಸಡಿಲವಾಗಲಿಲ್ಲ. ಅವರು ಅಳುತ್ತಿರುವುದು ಉಸಿರಿನಲ್ಲೇ ತಿಳಿಯುತ್ತಿತ್ತು.

ವೇದವಲ್ಲಿಗೆ ಗೊತ್ತಾಗಿಹೋಯಿತು. ಬೆಂಗಳೂರಿನ ಆ ಶಾಲೆ, ಆ ಬೋರ್ಡು, ಸೀಮೆಸುಣ್ಣ ಹಿಡಿದ ಆ ಕೈ, ಎಲ್ಲ ಅವಳೇ ಕಟ್ಟಿಕೊಂಡದ್ದು. ರೇವತಿ ಒಂದು ದಿನವೂ ಅಲ್ಲಿರಲಿಲ್ಲ. ಗಂಡನ ಮನೆಗೇ ವಾಪಸು ಹೋಗಿದ್ದಳು.

"ಇಷ್ಟಕ್ಕೇನಾ ಕಾದಿದ್ದು," ಎಂದಳು ವೇದವಲ್ಲಿ.

"ಏನು ಕಣೇ?" ಎಂದರು ಸುಂದರರಾಜ.

ಅವಳು ಬೆಂಚಿನ ಅಂಚನ್ನು ತಡವಿ ಎದ್ದು ನಿಂತಳು. ಎದುರಿಗೆ ಬರೀ ಬೂದು ಬೆಳಕು. ಎಷ್ಟು ಹೆಜ್ಜೆಗೆ ಪ್ಲಾಟ್‌ಫಾರ್ಮು ಮುಗಿಯುತ್ತದೋ, ಬಾಗಿಲು ಯಾವ ಕಡೆಯೋ ಅವಳಿಗೆ ತಿಳಿಯದು. ಕೈ ಚಾಚಿ ಗಂಡನ ತೋಳನ್ನು ಹುಡುಕಿ ಹಿಡಿದುಕೊಂಡಳು.

"ನಡೀರಿ, ಮನೆಗೆ ಹೋಗೋಣ," ಎಂದಳು.